ಮನೆವಾರ್ತೆ: ಫೋಟೋ ತುಂಬಿಡುವ ಪೆಟ್ಟಿಗೆ ಕೊಳ್ಳುವ ಮುಂಚೆ

ಹೋದ ಸಂಚಿಕೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಕೆಡದ ಹಾಗೆ ಇಡುವ ಬಗೆ ಬರೆದಿದ್ದೆನಲ್ಲ, ಅದಕ್ಕೆ ಬಂದ ಕಾಗದಗಳ ನಡುವೆ ತಿಪಟೂರಿನ ಸೋದರಿಯೊಬ್ಬರದು ಬೇರೆಯೇ ಪ್ರಶ್ನೆ. "ಮಿಡಿ ಉಪ್ಪಿನಕಾಯಿಯನ್ನು ಮೂರು ವರ್ಷ ಇಡುವುದು ಹೇಳಿಕೊಟ್ಟಿರಿ, ಸಂತೋಷ. ಮಗಳ ಮದುವೆಯ ಫೋಟೋಗಳನ್ನು ಮೂವತ್ತು ವರ್ಷ ಇಡುವುದು ಹೇಗೆ, ಅದನ್ನೂ ಹೇಳಿ" ಎಂದು ಕೇಳಿದ್ದಾರೆ. ಅವರ ಫೋನು ತುಂಬಿ ಹೋಗಿದೆಯಂತೆ. ಫೋಟೋ ತೆಗೆದವನು ಮದುವೆಯದನ್ನೆಲ್ಲ ಒಂದು ಪೆನ್‌ಡ್ರೈವಿಗೆ ಹಾಕಿ ಕೊಟ್ಟಿದ್ದಾನೆ. ಯಜಮಾನರು "ಅದೇ ಸಾಕು, ಬೀರುವಿನಲ್ಲಿಡು" ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ಮಗ "ಅಮ್ಮಾ, ನ್ಯಾಸ್ ಹಾಕಿಸೋಣ, ಮನೆಯವರೆಲ್ಲ ಎಲ್ಲಿಂದ ಬೇಕಾದರೂ ನೋಡಬಹುದು" ಅನ್ನುತ್ತಾನೆ. ಪಕ್ಕದ ಮನೆಯವರು ಯಾವುದೋ ಜಾಹೀರಾತು ನೋಡಿ ಎಂಟುನೂರು ರೂಪಾಯಿಗೆ ಹದಿನಾರು ಟಿಬಿ ಡಬ್ಬಿ ತರಿಸಿಕೊಂಡಿದ್ದಾರೆ. ಯಾರ ಮಾತು ಕೇಳಲಿ ಅಂತ ಪಾಪ ಅವರಿಗೆ ತಲೆ ಕೆಟ್ಟಿದೆ.

ಈ ವಿಷಯ ಬರೆಯುವ ಯೋಗ್ಯತೆ ನನಗೆಲ್ಲಿಂದ ಬಂತು ಅಂತೀರಾ? ಕಳೆದುಕೊಂಡದ್ದರಿಂದ ಬಂತು. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಮ್ಮ ಅತ್ತೆಯವರಿಗೆ ಹಸೆ ಹಾಡುಗಳು ಬಾಯಿಪಾಠ. ಎಣ್ಣೆ ಅರಿಶಿನದ ಹಾಡು, ಹಸೆಗೆ ಕರೆಯುವ ಹಾಡು, ಬಾಗಿಲು ತಡೆಯುವ ಹಾಡು, ಹೆಣ್ಣು ಒಪ್ಪಿಸಿಕೊಡುವ ಹಾಡು, ಒಂದೊಂದಕ್ಕೂ ಒಂದೊಂದು ಮಟ್ಟು. ಯಾವ ಪುಸ್ತಕದಲ್ಲೂ ಇಲ್ಲ, ಅವರ ಅಜ್ಜಿಯಿಂದ ಅವರಿಗೆ ಬಂದದ್ದು. ನಮ್ಮ ಸಾಗರದ ಕಡೆ ಮದುವೆಮನೆಯಲ್ಲಿ "ಅವರು ಬಂದರಾ?" ಎಂದು ಕೇಳಿಯೇ ಹಸೆಮಣೆ ಹಾಕುತ್ತಿದ್ದರು. ಕಣ್ಣು ಮಂಜಾದ ಮೇಲೆ ಮಧ್ಯಾಹ್ನ ಊಟವಾದ ನಂತರ ಜಗಲಿಯಲ್ಲಿ ಕೂತು ಹೇಳುತ್ತಿದ್ದರು, ನಾನು ಫೋನಿನಲ್ಲಿ ಹಿಡಿದುಕೊಳ್ಳುತ್ತಿದ್ದೆ. ಎರಡು ವರ್ಷದಲ್ಲಿ ನಲವತ್ತಕ್ಕೆ ಮೇಲೆ ಹಾಡು ಆದವು. ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ಸೇರಿಸಿ, ಫೋನಿನಿಂದ ಅಳಿಸಿ, ಜಾಣೆ ಅಂತ ಬೆನ್ನು ತಟ್ಟಿಕೊಂಡಿದ್ದೆ. 2016ರಲ್ಲಿ ಅತ್ತೆ ಹೋದರು.

ಮರುವರ್ಷ ಗೌರಿಹಬ್ಬದ ಮುಂಚೆ ಧೂಳು ಹೊಡೆಯುತ್ತಿದ್ದೆ. ಹಾರ್ಡ್ ಡಿಸ್ಕು ಟಿವಿಗೆ ಚುಚ್ಚಿಕೊಂಡು ಓಡುತ್ತಿತ್ತು, ಮಕ್ಕಳು ಯಾವುದೋ ಸಿನಿಮಾ ಹಾಕಿಕೊಂಡಿದ್ದರು. ಪೊರಕೆಯ ತುದಿಗೆ ವಯರು ಸಿಕ್ಕಿತು, ಡಿಸ್ಕು ಕೆಳಗೆ ಬಿತ್ತು. ಎತ್ತರ ಎಷ್ಟು ಮಹಾ, ಎರಡಡಿ. ಹೊರಗೆ ಒಂದು ಗೀರೂ ಇಲ್ಲ. ಮತ್ತೆ ಚುಚ್ಚಿದರೆ ಒಳಗಿಂದ 'ಟಕ್... ಟಕ್... ಟಕ್' ಎಂಬ ಶಬ್ದ, ಹಲ್ಲಿ ಲೊಚಗುಟ್ಟಿದ ಹಾಗೆ. ಆ ಶಬ್ದ ಕೇಳಿದ ಕೂಡಲೇ ಕಿತ್ತು ಪಕ್ಕಕ್ಕಿಡಬೇಕಿತ್ತು. ನಾನೇನು ಮಾಡಿದೆ? ಸಂಜೆಯವರೆಗೆ ಹತ್ತು ಸಲ ಚುಚ್ಚಿ ನೋಡಿದೆ. ಮಾರನೆ ದಿನ ಪೇಟೆಯ ಒಬ್ಬ ರಿಪೇರಿಯವನ ಹತ್ತಿರ ಒಯ್ದೆ. ಅವನು ನನ್ನ ಕಣ್ಣೆದುರೇ, ಟೀ ಲೋಟದ ಪಕ್ಕದಲ್ಲಿ, ಸ್ಕ್ರೂಡ್ರೈವರಿನಿಂದ ಮುಚ್ಚಳ ಬಿಚ್ಚಿದ. ಒಳಗೆ ಕನ್ನಡಿಯಂಥ ತಟ್ಟೆ. "ಊಫ್" ಅಂತ ಊದಿದ ಬೇರೆ! ಆಮೇಲೆ ಬೆಂಗಳೂರಿಗೆ ಕಳಿಸಿದಾಗ ಅಲ್ಲಿಯವರು ಹೇಳಿದ್ದು ಇಷ್ಟೇ: "ಬಿದ್ದದ್ದನ್ನು ಹಾಗೇ ತಂದಿದ್ದರೆ ಏನಾದರೂ ನೋಡಬಹುದಿತ್ತು. ಬಿಚ್ಚಿದ್ದಕ್ಕೆ ಏನೂ ಮಾಡಲಾಗದು."

ಮೂರು ದಿನ ನಾನು ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ನಮ್ಮವರು "ಹೋಗಲಿ ಬಿಡು" ಎಂದರು. ಅವರ ತಾಯಿಯ ದನಿ ಅದು. ಅವರೇ ಹೋಗಲಿ ಬಿಡು ಎಂದಾಗ ನನಗೆ ಇನ್ನೂ ಸಂಕಟವಾಯಿತು.

ಇರಲಿ. ಈ ಪೆಟ್ಟಿಗೆಯ ಒಳಗೆ ಏನಿದೆ ಅಂತ ಒಮ್ಮೆ ತಿಳಿದರೆ ಅದನ್ನು ಹೇಗೆ ನೋಡಿಕೊಳ್ಳಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಹಾರ್ಡ್ ಡಿಸ್ಕಿನಲ್ಲಿ ನುಣುಪಾದ ತಟ್ಟೆಗಳಿವೆ, ಅವು ತಿರುಗುತ್ತವೆ. ನಮ್ಮ ಸೀಲಿಂಗ್ ಫ್ಯಾನು ಎಷ್ಟು ಜೋರಾಗಿ ಇಟ್ಟರೂ ನಿಮಿಷಕ್ಕೆ ಮುನ್ನೂರೈವತ್ತು ನಾನೂರು ಸುತ್ತು. ಮನೆಬಳಕೆಯ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಎಂದರೆ ಸೆಕೆಂಡಿಗೆ 90! ಆ ತಟ್ಟೆಯ ಮೇಲೆ ಗ್ರಾಮಫೋನಿನ ಮುಳ್ಳಿನಂಥದೊಂದು ತಲೆ ಓಡಾಡುತ್ತದೆ. ಆದರೆ ಮುಳ್ಳಿನ ಹಾಗೆ ತಟ್ಟೆಗೆ ತಾಗುವುದಿಲ್ಲ, ಗಾಳಿಯಲ್ಲಿ ತೇಲುತ್ತಿರುತ್ತದೆ. ಒಂದು ತಲೆಗೂದಲಿನ ದಪ್ಪವನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗಿಂತಲೂ ಕಡಿಮೆ ಅಂತರ. ಓಡುತ್ತಿರುವಾಗ ಬಿದ್ದರೆ ಆ ತಲೆ ತಟ್ಟೆಗೆ ಬಡಿಯುತ್ತದೆ, ಬಡಿದಲ್ಲಿ ಬರೆದದ್ದು ಕೆರೆದು ಹೋಗುತ್ತದೆ. ಮುಚ್ಚಳ ತೆಗೆದು ಊದಿದರೆ? ಆ ಸಂದಿಯ ಲೆಕ್ಕದಲ್ಲಿ ಧೂಳಿನ ಒಂದು ಕಣವೆಂದರೆ ಬಂಡೆಗಲ್ಲು. ನಿಂತಿರುವ ಡಿಸ್ಕು ಬಿದ್ದರೆ ಬದುಕುವ ಸಂಭವ ಹೆಚ್ಚು, ಓಡುತ್ತಿರುವುದು ಬಿದ್ದರೆ ಕಡಿಮೆ. ಅದಕ್ಕೇ ಹೇಳುವುದು, ಚುಚ್ಚಿದಾಗ ಅದನ್ನು ಟೇಬಲ್ಲಿನ ಮೇಲೆ ಒಳಕ್ಕೆ ಚಪ್ಪಟೆಯಾಗಿ ಮಲಗಿಸಿ, ವಯರು ನೇತಾಡಬಾರದು.

ಇದರ ಮುತ್ತಜ್ಜನ ಕಥೆ ಕೇಳಿದರೆ ನಗು ಬರುತ್ತದೆ. 1956ರಲ್ಲಿ ಅಮೆರಿಕದ ಐಬಿಎಂ ಕಂಪನಿ ಮೊದಲ ಡಿಸ್ಕು ಮಾಡಿತು. ಎರಡಡಿ ಅಗಲದ ಐವತ್ತು ತಟ್ಟೆ, ಒಂದು ಟನ್ನಿಗೆ ಕಡಿಮೆಯಿಲ್ಲದ ತೂಕ, ಹಿಡಿಯುತ್ತಿದ್ದದ್ದು ಐವತ್ತು ಲಕ್ಷ ಅಕ್ಷರ. ನಿಮ್ಮ ಫೋನಿನಲ್ಲಿ ಮೊಮ್ಮಗುವಿನ ಒಂದು ಫೋಟೋ ತೆಗೆದರೆ ಅದಕ್ಕೇ ಅದು ಭರ್ತಿ!

ಈಗ ಅಂಗಡಿಗೆ ಹೋಗೋಣ. ಅಲ್ಲಿ ನಿಮ್ಮ ಮುಂದೆ ಇಡುವ ಸಾಮಾನು ನಾಲ್ಕು ಬಗೆ.

ಪೆನ್‌ಡ್ರೈವ್ ಮತ್ತು ಮೆಮರಿ ಕಾರ್ಡು ಸಾಗಿಸುವುದಕ್ಕೆ, ಇಡುವುದಕ್ಕಲ್ಲ. ಇದನ್ನು ತಿಪಟೂರಿನ ಯಜಮಾನರಿಗೆ ದಯವಿಟ್ಟು ಹೇಳಿ. ತವರಿಗೆ ಹೋಗುವಾಗ ಹಿಡಿದ ಬಟ್ಟೆ ಚೀಲದಲ್ಲಿ ಯಾರೂ ವರ್ಷದ ಅಕ್ಕಿ ತುಂಬಿಡುವುದಿಲ್ಲವಲ್ಲ. ಒಳಗಿನ ಚಿಪ್ಪು ಅಗ್ಗದ್ದು, ಕಳೆದುಹೋಗುವುದೂ ಸುಲಭ. ಪ್ಯಾಂಟಿನ ಜೇಬಿನಲ್ಲಿ ಉಳಿದು ವಾಷಿಂಗ್ ಮಷೀನಿಗೆ ಹೋದದ್ದು ನಮ್ಮ ಮನೆಯಲ್ಲೇ ಎರಡಾಗಿದೆ. ಫೋಟೋದವನು ಪೆನ್‌ಡ್ರೈವಿನಲ್ಲಿ ಕೊಟ್ಟರೆ ಅದೇ ವಾರ ಬೇರೆ ಕಡೆ ಇಳಿಸಿಕೊಳ್ಳಬೇಕು.

ಎರಡನೆಯದು ಅಂಗೈ ಅಗಲದ ಪೋರ್ಟಬಲ್ ಹಾರ್ಡ್ ಡಿಸ್ಕು. ಕಂಪ್ಯೂಟರಿಗೆ ಚುಚ್ಚಿದರೆ ಸಾಕು, ಬೇರೆ ಕರೆಂಟು ಬೇಡ. ಕೊಟ್ಟ ಹಣಕ್ಕೆ ಅತಿ ಹೆಚ್ಚು ಜಾಗ ಸಿಗುವ ಸಾಮಾನುಗಳಲ್ಲಿ ಇದೊಂದು. ಮನೆಗಳಿಗೆ ನನ್ನ ಮೊದಲ ಆಯ್ಕೆ ಇದೇ. ಮೂರನೆಯದು ಮೇಜಿನ ಮೇಲಿಡುವ ದಪ್ಪ ಡಿಸ್ಕು, ಅದಕ್ಕೆ ಬೇರೆ ಅಡಾಪ್ಟರು ಬೇಕು. ಅಡಾಪ್ಟರು ಕಳೆದರೆ ಡಿಸ್ಕು ಮೂಗಿ. ತೀರಾ ಹೆಚ್ಚು ಜಾಗ ಬೇಕಾದವರಿಗೆ ಮಾತ್ರ.

ನಾಲ್ಕನೆಯದು ಎಸ್‌ಎಸ್‌ಡಿ. ಇದರಲ್ಲಿ ತಿರುಗುವ ತಟ್ಟೆಯಿಲ್ಲ, ಎಲ್ಲಾ ಚಿಪ್ಪು. ಬಿದ್ದರೆ ಹೆದರಿಕೆಯಿಲ್ಲ, ಬಲು ಚುರುಕು, ಬೆಂಕಿಪೊಟ್ಟಣದ ಗಾತ್ರದವೂ ಇವೆ. ಅಷ್ಟೇ ಜಾಗಕ್ಕೆ ಹಾರ್ಡ್ ಡಿಸ್ಕಿಗಿಂತ ಬೆಲೆ ಸಾಕಷ್ಟು ಹೆಚ್ಚು. ಮನೆಯಲ್ಲಿ ಕಂಪ್ಯೂಟರೇ ಇಲ್ಲ, ಫೋನು ಮಾತ್ರ ಎನ್ನುವವರಿಗೆ ಇದು ಅನುಕೂಲ. ಟೈಪ್-ಸಿ ವಯರಿನಿಂದ ನೇರ ಫೋನಿಗೇ ಸಿಕ್ಕಿಸಬಹುದು. ಹಾರ್ಡ್ ಡಿಸ್ಕನ್ನು ತಿರುಗಿಸುವಷ್ಟು ಶಕ್ತಿ ಎಷ್ಟೋ ಫೋನುಗಳಿಗೆ ಇರುವುದಿಲ್ಲ. ಆದರೆ ಎಸ್‌ಎಸ್‌ಡಿ ಎಂದರೆ ಚಿರಂಜೀವಿ ಅಂತ ತಿಳಿಯಬೇಡಿ. 2023ರಲ್ಲಿ ಸ್ಯಾನ್‌ಡಿಸ್ಕಿನ ಕೆಲವು ದುಬಾರಿ ಎಸ್‌ಎಸ್‌ಡಿಗಳು ಇದ್ದಕ್ಕಿದ್ದಂತೆ ಕೈಕೊಟ್ಟು, ಕಂಪನಿಯೇ ಒಳಗಿನ ತಂತ್ರಾಂಶ ತಿದ್ದಿ ಕೊಡಬೇಕಾಯಿತು. ಇನ್ನೊಂದು ಮಾತು: ಈ ಚಿಪ್ಪುಗಳನ್ನು ವರ್ಷಗಟ್ಟಲೆ ಕರೆಂಟು ಕಾಣದೆ ಬೀರುವಿನಲ್ಲಿ ಮಲಗಿಸಿದರೆ ಬರೆದದ್ದು ನಿಧಾನವಾಗಿ ಮಾಸುವ ಸಂಭವ ಉಂಟು. ಆರು ತಿಂಗಳಿಗೊಮ್ಮೆ ಚುಚ್ಚಿ ಸ್ವಲ್ಪ ಹೊತ್ತು ಬಿಡಿ. ಪಟ್ಟೆಸೀರೆಗೆ ಬಿಸಿಲು ಕಾಣಿಸುತ್ತೇವಲ್ಲ, ಹಾಗೆ.

ಎಷ್ಟು ದೊಡ್ಡದು ಬೇಕು? ಫೋನಿನ ಒಂದು ಫೋಟೋ ಸುಮಾರು 4 ಎಂಬಿ ಎಂದಿಟ್ಟುಕೊಂಡರೆ ಒಂದು ಟಿಬಿಯಲ್ಲಿ ಎರಡೂವರೆ ಲಕ್ಷ ಫೋಟೋ ಹಿಡಿಯುತ್ತದೆ. ಜಾಗ ತಿನ್ನುವುದು ವಿಡಿಯೋ. ಒಂದು ನಿಮಿಷದ್ದು ನೂರು ಎಂಬಿ ಆಸುಪಾಸು, ಅದೇ 4ಕೆ ಎನ್ನುವ ಸ್ಪಷ್ಟ ವಿಡಿಯೋ ಆದರೆ ಅದರ ಮೂರು ಪಟ್ಟು. ಸಾಮಾನ್ಯ ಸಂಸಾರಕ್ಕೆ ಒಂದು ಟಿಬಿ ಸಾಕು. ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೋಗಳೆಲ್ಲ ಇದ್ದರೆ ಎರಡು.

ಒಂದು ಟಿಬಿ ತಂದು ಚುಚ್ಚಿದ ಮೇಲೆ ಕಂಪ್ಯೂಟರು 931 ಜಿಬಿ ಅಂತ ತೋರಿಸುತ್ತದೆ. ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ! ನಮ್ಮ ಓರಗಿತ್ತಿ ಹೋಗಿದ್ದಳು. ಮಾಡುವವರು ಸಾವಿರ, ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸು 1024, 1024ರ ಲೆಕ್ಕದಲ್ಲಿ. ಹಿಂದೆ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮನಾಗುತ್ತಿರಲಿಲ್ಲವಲ್ಲ, ಅಷ್ಟೇ. ಯಾರೂ ಕದ್ದಿಲ್ಲ.

ನಿಜವಾದ ಮೋಸ ಇರುವುದು ಆ ಎಂಟುನೂರು ರೂಪಾಯಿಯ ಹದಿನಾರು ಟಿಬಿ ಡಬ್ಬಿಯಲ್ಲಿ. ಬಿಚ್ಚಿ ನೋಡಿದರೆ ಎಷ್ಟೋ ಸಲ ಒಳಗೆ ಒಂದು ಚಿಕ್ಕ ಮೆಮರಿ ಕಾರ್ಡು ಅಂಟಿಸಿರುತ್ತಾರೆ. ಕಂಪ್ಯೂಟರಿಗೆ ಹದಿನಾರು ಟಿಬಿ ಎಂದು ಸುಳ್ಳು ಹೇಳುವಂತೆ ಅದನ್ನು ತಿದ್ದಿರುತ್ತಾರೆ. ನೀವು ತುಂಬುತ್ತಾ ಹೋದಂತೆ ಅದು ಬೇಡ ಎನ್ನುವುದೇ ಇಲ್ಲ, ತಳವಿಲ್ಲದ ಕೊಡದ ಹಾಗೆ. ಹೆಸರುಗಳು ಕಾಣುತ್ತವೆ, ಫೋಟೋ ತೆರೆಯುವುದಿಲ್ಲ. ತಿಪಟೂರಿನ ಸೋದರಿ, ಪಕ್ಕದ ಮನೆಯವರಿಗೆ ಇವತ್ತೇ ಹೋಗಿ ಹೇಳಿ, ಅದರೊಳಗೆ ಹಾಕಿದ ಮೇಲೆ ಫೋನಿನಿಂದ ಏನನ್ನೂ ಅಳಿಸಬಾರದು ಅಂತ. ಪರೀಕ್ಷಿಸಬೇಕೆಂದರೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶವಿದೆ, ಡಿಸ್ಕಿನ ತುಂಬಾ ಬರೆದು ಮತ್ತೆ ಓದಿ ನಿಜ ಅಳತೆ ಹೇಳುತ್ತದೆ. ಖಾಲಿ ಇರುವಾಗಲೇ, ಹೊಸದರಲ್ಲೇ ಮಾಡಬೇಕು. ಮನೆಯ ಹುಡುಗರಿಗೆ ಹೇಳಿದರೆ ಮಾಡಿಕೊಡುತ್ತಾರೆ. ರಾತ್ರಿಯಿಡೀ ಬೇಕಾದೀತು.

"ಯಾವ ಕಂಪನಿ ಒಳ್ಳೆಯದು?" ಇದು ಎಲ್ಲರೂ ಕೇಳುವ ಪ್ರಶ್ನೆ. ಹೊರಗಿನ ಡಬ್ಬಿಯ ಮೇಲೆ ಏನೇ ಹೆಸರಿರಲಿ, ಒಳಗಿನ ಹಾರ್ಡ್ ಡಿಸ್ಕು ಮಾಡುವ ದೊಡ್ಡ ಕಂಪನಿಗಳು ಪ್ರಪಂಚದಲ್ಲಿ ಈಗ ಮೂರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಅಮೆರಿಕದಲ್ಲಿ ಬ್ಯಾಕ್‌ಬ್ಲೇಜ್ ಎಂಬ ಸಂಸ್ಥೆ ಇದೆ, ಊರಿನವರ ಕಡತಗಳನ್ನೆಲ್ಲ ಕಾಪಿಡುವುದೇ ಅವರ ಕಸುಬು. ಲಕ್ಷಗಟ್ಟಲೆ ಡಿಸ್ಕು ಓಡಿಸುತ್ತಾರೆ, ಯಾವುದು ಎಷ್ಟು ಕೆಟ್ಟಿತು ಎಂಬ ಲೆಕ್ಕವನ್ನು 2013ರಿಂದ ಮುಚ್ಚುಮರೆಯಿಲ್ಲದೆ ಪ್ರಕಟಿಸುತ್ತಾ ಬಂದಿದ್ದಾರೆ. ಅವರಲ್ಲಿ 2021ರಲ್ಲಿ ನೂರಕ್ಕೆ 1.01, 2022ರಲ್ಲಿ 1.37, 2023ರಲ್ಲಿ 1.70 ಡಿಸ್ಕು ಕೆಟ್ಟವು. ಆ ಲೆಕ್ಕ ನೋಡಿದರೆ ಹೆಸರಿಗಿಂತ ಮಾದರಿ ಮುಖ್ಯ ಎಂದು ತಿಳಿಯುತ್ತದೆ. ಸೀಗೇಟಿನ ಒಂದು 3 ಟಿಬಿ ಮಾದರಿ ಅವರಲ್ಲಿ ಸಾಲಾಗಿ ಮಲಗಿತು, ಅದೇ ಸೀಗೇಟಿನ 4 ಟಿಬಿ ಮಾದರಿ ಅದಕ್ಕಿಂತ ಎಷ್ಟೋ ವಾಸಿಯಾಗಿತ್ತು. ಅವರದು ತಂಪು ಕೋಣೆ, ನಡೆಸುವವರು ಪಳಗಿದವರು. ನಮ್ಮಲ್ಲಿ ಕರೆಂಟು ಹೋಗಿ ಬರುತ್ತದೆ, ಪೊರಕೆ ಓಡಾಡುತ್ತದೆ. ನೂರಕ್ಕೆ ಒಂದೇ ತಾನೇ ಅಂತ ಸಮಾಧಾನ ಪಟ್ಟುಕೊಳ್ಳಬಹುದು, ಆ ಒಂದು ನಮ್ಮ ಮನೆಯದೇ ಆದರೆ ನಮಗದು ನೂರಕ್ಕೆ ನೂರು.

ಆದ್ದರಿಂದ ಕಂಪನಿಯ ಹೆಸರಿಗೆ ಚರ್ಚೆ ಬೇಡ. ಮೂವರಲ್ಲಿ ಯಾರದ್ದಾದರೂ ಸರಿ, ಬಿಲ್ಲು ಇರಬೇಕು, ಸೀಲು ಒಡೆದಿರಬಾರದು, ವಾರಂಟಿ ಎಷ್ಟು ವರ್ಷ ಎಂದು ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ವಾರಂಟಿ ಎಂದರೆ ಏನು ಎನ್ನುವುದೂ ಗೊತ್ತಿರಲಿ. ಡಿಸ್ಕು ಕೆಟ್ಟರೆ ಬೇರೆ ಡಿಸ್ಕು ಕೊಡುತ್ತಾರೆ, ಖಾಲಿ ಡಿಸ್ಕು. ಒಳಗಿದ್ದ ಅತ್ತೆಯ ದನಿಗೆ ವಾರಂಟಿ ಇಲ್ಲ. ಅದನ್ನು ಹೊರತೆಗೆಯುವವರು ಬೇರೆಯೇ ಇದ್ದಾರೆ, ಖರ್ಚು ಸಾವಿರಗಟ್ಟಲೆ, ಕೆಲವೊಮ್ಮೆ ಹತ್ತಾರು ಸಾವಿರ, ಸಿಕ್ಕೇ ಸಿಗುತ್ತದೆಂಬ ಭರವಸೆಯೂ ಇಲ್ಲ.

ನನ್ನ ಸಲಹೆ ಕೇಳಿದರೆ, ದೊಡ್ಡದೊಂದು ಕೊಳ್ಳುವ ಹಣದಲ್ಲಿ ಚಿಕ್ಕವೆರಡು ಕೊಳ್ಳಿ. ಎರಡರಲ್ಲೂ ಅದೇ ಫೋಟೋ, ಅದೇ ಹಾಡು. ಸಾಧ್ಯವಾದರೆ ಬೇರೆ ಬೇರೆ ಕಂಪನಿಯದು, ಇಲ್ಲವೇ ಬೇರೆ ಬೇರೆ ತಿಂಗಳಲ್ಲಿ ಕೊಂಡದ್ದು, ಒಂದೇ ಕಂತಿನಲ್ಲಿ ತಯಾರಾದ ಎರಡಕ್ಕೂ ಒಂದೇ ದೋಷ ಇರಬಾರದು ಅಂತ. ಒಂದು ನಿಮ್ಮ ಮನೆಯಲ್ಲಿರಲಿ, ಇನ್ನೊಂದು ಬೇರೆ ಮನೆಯಲ್ಲಿ. ತಂಗಿಯ ಮನೆ, ನಾದಿನಿಯ ಮನೆ, ಮಗಳ ಮನೆ, ಯಾವುದೂ ಆದೀತು. ಕಳ್ಳತನ, ಬೆಂಕಿ, ಮನೆಗೆ ನೀರು ನುಗ್ಗುವುದು, ಇವು ಪೆಟ್ಟಿಗೆ ನೋಡಿಕೊಂಡು ಬರುವುದಿಲ್ಲ, ಮನೆ ನೋಡಿಕೊಂಡು ಬರುತ್ತವೆ. ಫೋಟೋ ತೆಗೆಯುವವರ ಲೋಕದಲ್ಲಿ ಮೂರು-ಎರಡು-ಒಂದು ಎಂಬ ಲೆಕ್ಕ ಇದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ಫೋನಿನಲ್ಲಿ ಒಂದು, ಮನೆಯ ಡಿಸ್ಕಿನಲ್ಲಿ ಒಂದು, ತವರಿನ ಡಿಸ್ಕಿನಲ್ಲಿ ಒಂದು ಇದ್ದರೆ ಅದೇ ಆಯಿತಲ್ಲ.

ಈಗ ಮಗ ಹೇಳಿದ ನ್ಯಾಸ್ ವಿಷಯ. ಇದು ಒಂದೋ ಎರಡೋ ಡಿಸ್ಕು ಹಾಕುವ ಪುಟ್ಟ ಗೂಡು. ರೂಟರಿಗೆ ವಯರಿನಿಂದ ಜೋಡಿಸಿದರೆ ಮನೆಯವರೆಲ್ಲರ ಫೋನಿನ ಫೋಟೋಗಳೂ ವೈಫೈ ಮೂಲಕ ತಾವಾಗಿ ಅದರೊಳಗೆ ಹೋಗಿ ಕೂರುತ್ತವೆ. ನೆನಪಿಟ್ಟು ಚುಚ್ಚುವ ಕೆಲಸವಿಲ್ಲ. ಸೌಕರ್ಯವೇನೋ ಹೌದು. ಮನೆಯಲ್ಲೇ ಫೋಟೋ ಸ್ಟುಡಿಯೋ ಇದ್ದರೆ, ನಾಲ್ಕೈದು ಫೋನು, ಎರಡು ಕಂಪ್ಯೂಟರು ಇರುವ ತುಂಬಿದ ಮನೆಯಾದರೆ, ನೋಡಿಕೊಳ್ಳುವವರು ಅಲ್ಲೇ ಇದ್ದರೆ ಹಾಕಿಸಬಹುದು. ನೋಡಿಕೊಳ್ಳುವವನು ಬೆಂಗಳೂರಿನಲ್ಲಿದ್ದು ಪೆಟ್ಟಿಗೆ ತಿಪಟೂರಿನಲ್ಲಿದ್ದರೆ? ಅದು ಕೀಂ ಕೀಂ ಎಂದು ಕೂಗಿದ ದಿನ ಫೋನು ಹಿಡಿದು "ಯಾವ ದೀಪ ಕೆಂಪಗಿದೆ ಹೇಳಮ್ಮಾ" ಎನ್ನಿಸಿಕೊಳ್ಳುವವರು ನೀವೇ.

ಖರ್ಚೂ ಯೋಚಿಸಬೇಕು. ಗೂಡಿಗೆ ಬೇರೆ ಹಣ, ಡಿಸ್ಕುಗಳಿಗೆ ಬೇರೆ ಹಣ. ಹಗಲೂ ರಾತ್ರಿ ಓಡುವುದರಿಂದ ಇಪ್ಪತ್ತು ವ್ಯಾಟು ಎಂದಿಟ್ಟುಕೊಂಡರೂ ತಿಂಗಳಿಗೆ ಹದಿನಾಲ್ಕು ಯೂನಿಟ್ಟು. ಕರೆಂಟು ಹೋದಾಗ ತಟ್ಟನೆ ನಿಲ್ಲಬಾರದು, ಯುಪಿಎಸ್ ಬೇಕು. ಡಿಸ್ಕು ಕೊಳ್ಳುವಾಗಲೂ ಒಂದು ಸೂಕ್ಷ್ಮ ಇದೆ. ನಮ್ಮ ಮಂಗಳೂರು ಹೆಂಚಿನ ಮಾಡು ಇದೆಯಲ್ಲ, ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಕೂರುತ್ತದೆ. ಜಾಗ ಉಳಿಸಲು ಕೆಲವು ಡಿಸ್ಕುಗಳಲ್ಲಿ ಹೀಗೆ ಸಾಲಿನ ಮೇಲೆ ಸಾಲು ಹೊದೆಸಿ ಬರೆಯುತ್ತಾರೆ, ಅದಕ್ಕೆ ಎಸ್‌ಎಂಆರ್ ಎನ್ನುತ್ತಾರೆ. ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅದರ ಮೇಲಿನವನ್ನೂ ಎಬ್ಬಿಸಬೇಕು, ಹಾಗಾಗಿ ತಿದ್ದಿ ಬರೆಯುವ ಕೆಲಸ ನಿಧಾನ. ಒಮ್ಮೆ ತುಂಬಿ ಬೀರುವಿನಲ್ಲಿಡುವ ಪೋರ್ಟಬಲ್ ಡಿಸ್ಕಿಗೆ ಇದರಿಂದ ತೊಂದರೆಯಿಲ್ಲ. ನ್ಯಾಸಿಗೆ ಇದು ಆಗದು. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಎಂಬ ನ್ಯಾಸ್ ಡಿಸ್ಕುಗಳಲ್ಲೇ ಕೆಲವಕ್ಕೆ ಹೇಳದೆ ಕೇಳದೆ ಈ ಹೆಂಚಿನ ಕ್ರಮ ಹಾಕಿದ್ದು ಬಯಲಾಗಿ ದೊಡ್ಡ ಗಲಾಟೆಯಾಯಿತು. ಆಮೇಲೆ ಹಳೆಯ ಕ್ರಮದವನ್ನು ರೆಡ್ ಪ್ಲಸ್ ಎಂದು ಬೇರೆ ಮಾಡಿ ಮಾರಿದರು. ನ್ಯಾಸಿಗೆ ಕೊಳ್ಳುವಾಗ "ಸಿಎಂಆರ್ ತಾನೇ?" ಎಂದು ಕೇಳಿ ತನ್ನಿ ಅಂತ ಮಗನಿಗೆ ಹೇಳಿ. ಅಮ್ಮನ ಬಾಯಲ್ಲಿ ಈ ಮಾತು ಬಂದರೆ ಅವನು ಬೆರಗಾಗುತ್ತಾನೆ!

ಎರಡು ಡಿಸ್ಕು ಹಾಕಿ ಒಂದರ ನೆರಳಿನಂತೆ ಇನ್ನೊಂದು ನಡೆಯುವ ಹಾಗೆ ಮಾಡುತ್ತಾರೆ, ಒಂದು ಕೆಟ್ಟರೆ ಇನ್ನೊಂದು ಇರುತ್ತದೆ ಅಂತ. ಇದನ್ನೇ ಎರಡು ಪ್ರತಿ ಎಂದು ತಿಳಿದವರು ತುಂಬಾ ಜನ. ನೀವು ಕೈತಪ್ಪಿ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಸಿಡಿಲು ಬಡಿದರೆ ಎರಡೂ ಸುಡುತ್ತವೆ. ಇನ್ನು ಎಲ್ಲಿಂದ ಬೇಕಾದರೂ ನೋಡುವ ಸುಖಕ್ಕಾಗಿ ಪೆಟ್ಟಿಗೆಯ ಬಾಗಿಲನ್ನು ಇಂಟರ್ನೆಟ್ಟಿಗೆ ತೆರೆದಿಡುತ್ತಾರೆ. 2021ರ ಜೂನಿನಲ್ಲಿ ಮೈ ಬುಕ್ ಲೈವ್ ಎಂಬ ಹಳೆಯ ಪೆಟ್ಟಿಗೆ ಇಟ್ಟುಕೊಂಡಿದ್ದವರು ಬೆಳಿಗ್ಗೆ ಎದ್ದು ನೋಡಿದರೆ ಒಳಗೆಲ್ಲ ಖಾಲಿ. ದೂರದಲ್ಲಿ ಕೂತ ದುಷ್ಟರು ಅಳಿಸಿದ್ದರು. ಕಂಪನಿ 2015ರಿಂದಲೇ ಅದರ ರಿಪೇರಿ ನಿಲ್ಲಿಸಿತ್ತು. 2022ರಲ್ಲಿ ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ಡೆಡ್‌ಬೋಲ್ಟ್ ಎಂಬುದು ನುಗ್ಗಿ, ಫೋಟೋಗಳಿಗೆ ಬೀಗ ಜಡಿದು ಹಣ ಕೇಳಿತು. ವಯರು ಕಿತ್ತು ಬೀರುವಿನಲ್ಲಿಟ್ಟ ಡಿಸ್ಕಿಗೆ ಯಾವ ದೇಶದ ಕಳ್ಳನೂ ಕೈಹಾಕಲಾರ. ಮಗ ನ್ಯಾಸ್ ಹಾಕಿಸಿದರೆ ಬೇಡ ಎನ್ನಬೇಡಿ, ಬೀರುವಿನ ಡಿಸ್ಕನ್ನು ಮಾತ್ರ ಬಿಡಬೇಡಿ.

ಗೂಗಲ್ಲಿನಲ್ಲಿ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಎಷ್ಟು ಬೇಕಾದರೂ ಉಚಿತವಾಗಿ ಇಡಿ ಎನ್ನುವ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಉಚಿತವಾಗಿ ಸಿಗುವುದು 15 ಜಿಬಿ, ಅದರಲ್ಲೇ ಮೇಲ್‌ಗೂ ಪಾಲು. ಮಿಕ್ಕದ್ದಕ್ಕೆ ಬಾಡಿಗೆ ಕಟ್ಟಬೇಕು. ಕಟ್ಟಬಲ್ಲವರು ಕಟ್ಟಲಿ, ಮೂರನೆಯ ಪ್ರತಿಯಾಗಿ ಒಳ್ಳೆಯದೇ. ವಾಟ್ಸಾಪಿನಲ್ಲಿ ಕಳಿಸಿದ್ದೇ ಇದೆ ಎಂದರೆ ಒಪ್ಪಲಾರೆ, ಅದು ಸಾಮಾನ್ಯವಾಗಿ ಫೋಟೋವನ್ನು ಹಿಂಡಿ ಕಳಿಸುತ್ತದೆ. ದೊಡ್ಡದು ಮಾಡಿ ಗೋಡೆಗೆ ಹಾಕಿಸಲು ಹೋದಾಗ ಗೊತ್ತಾಗುತ್ತದೆ.

ಇನ್ನು ನೋಡಿಕೊಳ್ಳುವ ಬಗೆ. ಆರಿದ್ರಾ, ಪುನರ್ವಸು ಮಳೆಯಲ್ಲಿ ನಮ್ಮ ಕಡೆ ಉಪ್ಪೂ ನೀರಾಗುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ. ಡಿಸ್ಕನ್ನು ಬಿಗಿ ಮುಚ್ಚಳದ ಸ್ಟೀಲು ಇಲ್ಲವೇ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಹೊಸ ಬ್ಯಾಗು ಚಪ್ಪಲಿಯ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನುಸಿಗುಳಿಗೆ ಬೇಡ. ಅಟ್ಟದ ಮೇಲೆ ಬೇಸಿಗೆಯ ಕಾವು ಹೆಚ್ಚು, ಅಲ್ಲೂ ಬೇಡ. ಡಬ್ಬಿಯ ಮೇಲೆ ಕೊಂಡ ತಿಂಗಳು, ವರ್ಷ ಬರೆದು ಅಂಟಿಸಿ. ಕೆಲಸ ಮುಗಿದ ಮೇಲೆ ಕಂಪ್ಯೂಟರಿನಲ್ಲಿ 'ಇಜೆಕ್ಟ್' ಒತ್ತಿ, ಅದು ಸರಿ ಎಂದ ಮೇಲೆ ಕೀಳಿ. ಬರೆಯುತ್ತಿರುವಾಗ ಕಿತ್ತರೆ ಅರ್ಧ ಬರೆದ ಕಾಗದವನ್ನು ಒಲೆಗೆ ಹಾಕಿದ ಹಾಗೆ. ಟಿವಿಗೆ ಚುಚ್ಚಿದಾಗ ಕೆಲವು ಟಿವಿಗಳು 'ಫಾರ್ಮ್ಯಾಟ್ ಮಾಡಲೇ?' ಎಂದು ಕೇಳುತ್ತವೆ. ಹೂಂ ಎಂದರೆ ಎಲ್ಲಾ ಗುಡಿಸಿ ಹಾಕುತ್ತದೆ, ಜೋಕೆ! ಟಿವಿಯಲ್ಲಿ ಸಿನಿಮಾ ನೋಡಲು ಬೇರೆ ಪೆನ್‌ಡ್ರೈವ್ ಇಟ್ಟುಕೊಳ್ಳಿ. ಮನೆಯ ನೆನಪಿನ ಡಿಸ್ಕು ಟಿವಿಯ ಹತ್ತಿರ ಸುಳಿಯುವುದೇ ಬೇಡ.

ವರ್ಷಕ್ಕೆರಡು ಸಲ, ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಅಂತಿಟ್ಟುಕೊಳ್ಳಿ, ಎರಡೂ ಡಿಸ್ಕು ತೆರೆದು ಅಲ್ಲೊಂದು ಇಲ್ಲೊಂದು ಫೋಟೋ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಡಿಸ್ಕಿನ ನಾಡಿ ನೋಡಿ ಹೇಳುತ್ತದೆ. ಹಳದಿ ಬಣ್ಣ ಬಂದರೆ ಅವತ್ತೇ ಎಲ್ಲವನ್ನೂ ಬೇರೆ ಕಡೆ ಇಳಿಸಿಕೊಳ್ಳಿ. ಫೋಟೋ ತೆರೆಯಲು ತೀರಾ ತಡವಾದರೂ ಅದೇ ಸೂಚನೆ. ಟಕ್ ಟಕ್ ಶಬ್ದ ಬಂದರೆ ಕಿತ್ತಿಡಿ, ಇನ್ನೊಮ್ಮೆ ಚುಚ್ಚಬೇಡಿ, ಯಾರು ಕೇಳಿದರೂ ಮುಚ್ಚಳ ಬಿಚ್ಚಲು ಕೊಡಬೇಡಿ. ಐದಾರು ವರ್ಷವಾದ ಡಿಸ್ಕು ಚೆನ್ನಾಗಿಯೇ ಓಡುತ್ತಿದ್ದರೂ ಹೊಸದೊಂದು ತಂದು ಅದರ ಜಾಗಕ್ಕೆ ಕೂರಿಸುವುದು ನನ್ನ ರೂಢಿ. ಹಳೆಯದನ್ನು ಎಸೆಯುವುದಿಲ್ಲ, ಮೂರನೆಯದಾಗಿ ಬಿದ್ದಿರುತ್ತದೆ.

ಅತ್ತೆಯ ಹಾಡುಗಳ ಕಥೆ ಅರ್ಧಕ್ಕೇ ನಿಲ್ಲಿಸಿದೆನಲ್ಲ. ಆ ವರ್ಷ ದೀಪಾವಳಿಗೆ ಹುಬ್ಬಳ್ಳಿಯ ನಾದಿನಿ ಬಂದಿದ್ದರು. ನಾನು ಅಳುತ್ತಾ ಹೇಳಿದರೆ ಅವರು ತಮ್ಮ ಹಳೆಯ ಫೋನು ತೆಗೆದು, "ಅತ್ತಿಗೇ, ಅಮ್ಮನದ್ದು ಕೆಲವು ನನ್ನ ಹತ್ತಿರ ಇರಬೇಕು, ಒಂದು ಸಲ ನೀವೇ ಹಾಕಿಕೊಟ್ಟಿದ್ದಿರಿ" ಎಂದರು. ನನಗೆ ನೆನಪೇ ಇರಲಿಲ್ಲ. ಹನ್ನೊಂದು ಹಾಡು ಸಿಕ್ಕವು. ಎಣ್ಣೆ ಅರಿಶಿನದ್ದು ಪೂರ್ತಿ ಇದೆ, ಹಸೆಗೆ ಕರೆಯುವ ಹಾಡು ನಡುವೆ ಒಂದು ಕಡೆ ತುಂಡಾಗಿದೆ, ಯಾರೋ ಬಾಗಿಲು ಬಡಿದು ಅತ್ತೆ "ಯಾರದು?" ಎಂದು ಕೇಳಿದ್ದೂ ಅದರಲ್ಲಿ ಉಳಿದಿದೆ. ಹೆಣ್ಣು ಒಪ್ಪಿಸಿಕೊಡುವ ಹಾಡು ಸಿಗಲಿಲ್ಲ. ಈಗ ಆ ಹನ್ನೊಂದೂ ಎರಡು ಡಿಸ್ಕಿನಲ್ಲಿವೆ, ಒಂದು ಸಾಗರದಲ್ಲಿ, ಒಂದು ಹುಬ್ಬಳ್ಳಿಯಲ್ಲಿ. ಪ್ರತಿ ದೀಪಾವಳಿಗೆ ನಾದಿನಿ ತಮ್ಮದನ್ನು ಟವೆಲಿನಲ್ಲಿ ಸುತ್ತಿ ತರುತ್ತಾರೆ, ಆ ವರ್ಷದ ಫೋಟೋಗಳನ್ನು ಎರಡಕ್ಕೂ ಸೇರಿಸಿಕೊಳ್ಳುತ್ತೇವೆ. ಹೋದ ಸಲ ನನ್ನ ಮಗಳು ಪಕ್ಕದಲ್ಲಿ ಕೂತು ಆ "ಯಾರದು?" ಎನ್ನುವುದನ್ನೇ ನಾಲ್ಕು ಸಲ ಹಾಕಿ ಕೇಳಿದಳು.

ಅಂದ ಹಾಗೆ, ಹಳೆಯ ಮದುವೆಯ ವಿಡಿಯೋ ಕ್ಯಾಸೆಟ್ಟಿಗೆ ಬೂಷ್ಟು ಬಂದಿದೆ, ಏನು ಮಾಡಲಿ ಎಂದು ಶಿರಸಿಯ ಸೋದರಿಯೊಬ್ಬರು ಕೇಳಿದ್ದಾರೆ. ಅದನ್ನು ಪ್ಲೇಯರಿಗೆ ಹಾಕಬೇಡಿ, ಒಣ ಜಾಗದಲ್ಲಿ ನಿಲ್ಲಿಸಿಡಿ. ಮಿಕ್ಕದ್ದನ್ನು ಮುಂದಿನ ಸಂಚಿಕೆಯಲ್ಲಿ, ಹಲಸಿನ ಹಪ್ಪಳದ ಜೊತೆಗೆ ಬರೆಯುತ್ತೇನೆ.